ಕಾಯ್ದಿರಿಸಿದ್ದು

ಪ್ವೆರ್ತೊ ಮೊಂಟ್ ಊರಿನ ನೋಟರಿ ಕಚೇರಿಯಲ್ಲಿ
ಮುದ್ರೆ ಒತ್ತುವವನು ನಾನು. ಸಲಹೆ ಕೊಡುವವನಲ್ಲ.
ಗೋಡೆಯ ಮೇಲೆ ಹಾಗಂತ ಬರೆದೇ ಇದೆ,
ಅಂಚು ಸುರುಳಿಗೊಂಡ ಹಾಳೆಯಲ್ಲಿ, ನನ್ನದೇ ಅಕ್ಷರದಲ್ಲಿ.

ಸೋಮವಾರ ಬಂದವಳು ಎದುವಿಹಿಸ್ ಪೈಯಾಕಾರ್.
ಇಸ್ತ್ರಿಯವಳು. ಬಲ ಹೆಬ್ಬೆರಳ ಬುಡದಲ್ಲಿ
ದೋಣಿಯಾಕಾರದ ಹಳೇ ಸುಟ್ಟ ಕಲೆ.
ಹಿಂದೆಯೇ ಲಾಂಡ್ರಿಯ ಯಜಮಾನ, ದೋನ್ ಬಾಲ್ದೊಮೆರೊ,
ಟೊಪ್ಪಿಗೆಯನ್ನು ಮಡಿಲಲ್ಲಿಟ್ಟು ಬೆಕ್ಕಿನಂತೆ ನೇವರಿಸುತ್ತ.
ಬೇರೆ ಬೇರೆ ಬಂದರೂ ಕೂತದ್ದು ಒಂದೇ ಬೆಂಚಿನಲ್ಲಿ,
ನಮ್ಮಲ್ಲಿರುವುದೇ ಒಂದು.

ಲೆಕ್ಕ ಚುಕ್ತಾ ಪತ್ರ. ಮೂರು ಪ್ರತಿ.
ಕೆಲಸದಿಂದ ಬಿಡಿಸಿದ ಕಾರಣ: ಸಂಸ್ಥೆಯ ಅಗತ್ಯ.
(ಹೋಟೆಲಿನವರು ಹಾಸು ಹೊದಿಕೆಯನ್ನೆಲ್ಲ
ಒಸೊರ್ನೊದ ದೊಡ್ಡ ಯಂತ್ರಕ್ಕೆ ಕೊಟ್ಟುಬಿಟ್ಟರಂತೆ.
ಅದು ಪತ್ರದಲ್ಲಿಲ್ಲ.)
ದುಡಿದದ್ದು ಹದಿನಾಲ್ಕು ವರ್ಷ.
ವರ್ಷಕ್ಕೊಂದು ತಿಂಗಳ ಸಂಬಳ; ಸಿಗುವುದು ಹನ್ನೊಂದಕ್ಕೆ.
"ಉಳಿದ ಮೂರು ಎಲ್ಲಿ ಹೋದವು?"
ನಮ್ಮ ಕಾನೂನಿಗೆ, ತಾಯಿ, ಹನ್ನೊಂದರ ಮೇಲೆ
ಎಣಿಸಲು ಬರುವುದಿಲ್ಲ,
ಎಂದು ನಾನು ಹೇಳಲಿಲ್ಲ. ಕಲಮಿನ ಅಂಕಿ ತೋರಿಸಿದೆ.
ಯಜಮಾನ ಕಿಟಕಿಯತ್ತ ನೋಡಿದ.
ಅದು ಅವನು ಮಾಡಿದ ಮೋಸವಲ್ಲ.

ಮೋಸವಿದ್ದದ್ದು ಶನಿವಾರಗಳಲ್ಲಿ.
ಎರಡು ಗಂಟೆಗೆ ಬಾಗಿಲೆಳೆದ ಮೇಲೂ
ಐದರ ತನಕ ಒಳಗೆ ಹಬೆ ಏಳುತ್ತಿತ್ತು.
ಆ ಮೂರು ತಾಸಿಗೆ ಸಿಗುತ್ತಿದ್ದುದು
ಒಂದು ತುಂಡು ಕೇಕು, ಮತ್ತು
"ನೀನು ನಮ್ಮ ಮನೆಯವಳೇ" ಎಂಬ ಮಾತು.

ಚೀಲದಿಂದ ಗ್ಯಾಸ್ ಅಂಗಡಿಯ ಕ್ಯಾಲೆಂಡರು ತೆಗೆದಳು.
ಪ್ರತಿ ಶನಿವಾರಕ್ಕೂ ಒಂದೊಂದು ಪಿನ್ನಿನ ತೂತು.
ಬೆಳಕಿಗೆ ಹಿಡಿದಳು: ಹಾಳೆ ಆಕಾಶವಾಯಿತು.
ಆರು ತಿಂಗಳಾಚೆಯ ತೂತುಗಳು ಬರೀ ತೂತುಗಳೆಂದು
ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.
ಇತ್ತೀಚಿನವು ಇನ್ನೂ ಶನಿವಾರಗಳೇ.

ಸಹಿಯ ಮೇಲೆ ನಾಲ್ಕು ಬೆರಳಗಲ ಖಾಲಿ ಜಾಗ.
ಅಲ್ಲಿ ಬೆರಳಿಟ್ಟೆ.
ಬೆರಳು ಸಲಹೆಯಲ್ಲ.

ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು,
ಬಸ್ ನಿಲ್ದಾಣದಲ್ಲೋ, ಮೀನಿನ ಕಾರ್ಖಾನೆಯ ಗೆಳತಿಯೋ.
ನಾಲಿಗೆಯ ತುದಿ ಕಚ್ಚಿಕೊಂಡು, ಇಳಿಜಾರಾಗಿ, ಬರೆದಳು:
ನನ್ನ ಹಕ್ಕುಗಳನ್ನು ಕಾಯ್ದಿರಿಸಿದ್ದೇನೆ.

ಕಾಯ್ದಿರಿಸುವುದು:
ಲಾಂಚಿನ ಬೆಂಚಿಗೆ ಶಾಲು ಹಾಕಿ
ಟಿಕೆಟಿಗೆ ಓಡಿದ ಹಾಗೆ.
ಎಷ್ಟು ಬಗೆ ಈ ಕಾಯುವುದು!
ಸರದಿಯಲ್ಲಿ ನಿಂತು ಕಾಯಬಹುದು,
ಬಾಗಿಲಲ್ಲಿ ಮಲಗಿ ಕಾಯಬಹುದು,
ಒಲೆಯ ಮೇಲೆ ಹಾಲು ತಾನಾಗಿ ಕಾಯುತ್ತದೆ.
ಹದಿನಾಲ್ಕು ವರ್ಷ ಅವಳು ಕಾದದ್ದು ಯಾವ ಬಗೆಯದೋ.
ಆ ಬೆಳಿಗ್ಗೆ ಕಾದದ್ದು ಮಾತ್ರ
ಇಸ್ತ್ರಿ ಕಾದ ಹಾಗೆ: ಸದ್ದಿಲ್ಲ, ಮುಟ್ಟಿದರೆ ತಿಳಿಯುತ್ತದೆ.

"ಏನು ಇದರ ಅರ್ಥ?" ಯಜಮಾನ ನನ್ನನ್ನೇ ಕೇಳಿದ.
ದುಡ್ಡು ತೆಗೆದುಕೊಳ್ಳುತ್ತಾಳೆ, ಬಾಯಿ ಮಾರುವುದಿಲ್ಲ ಅಂತ.
ಅರವತ್ತು ಕೆಲಸದ ದಿನ ಬಾಗಿಲು ತೆರೆದಿರುತ್ತೆ ಅಂತ.
"ನನಗೆ ಯಾರು ಹೇಳುತ್ತಾರೆ ಇದನ್ನೆಲ್ಲ?"
ಟೊಪ್ಪಿಗೆ ಈಗ ನಿಜವಾಗಿ ಮುದುಡಿತ್ತು.
"ಹೊತ್ತು ಬರೆಯುವ ಹಾಜರಿ ಪುಸ್ತಕ ಇಡಬೇಕಿತ್ತು ನೀವು."
ಇದು ಸಲಹೆಯೇ. ತಡವಾಗಿದ್ದರಿಂದ ಲೆಕ್ಕಕ್ಕಿಲ್ಲ.

ಮುದ್ರೆ ಒತ್ತಿದೆ, ಅವಳ ಸಾಲನ್ನು ತಪ್ಪಿಸಿ, ಓರೆಯಾಗಿ.
ಹೊರಡುವಾಗ ಅವನು ಅವಳನ್ನು ಕೇಳಿದ:
"ಗಂಜಿ ಕಪಾಟಿನ ಬೀಗದ ಕೈ?"
"ಮೊಳೆಗಿದೆ," ಅಂದಳು. "ಎಂದಿನ ಮೊಳೆಗೇ."

ನನಗೆ ಇಂಥ ಪತ್ರವೇ ಬರುವುದಿಲ್ಲ.
ಆರು ವರ್ಷದಿಂದ, ಕರಾರಿಲ್ಲದೆ,
ತಿಂಗಳಿಗೊಂದು ರಸೀದಿ ಬರೆದು ಸಂಬಳ ಪಡೆಯುವವನು.
ಆ ರಾತ್ರಿ ಅದನ್ನು ದೀಪದಡಿ ಹಿಡಿದು ನೋಡಿದೆ.
ಸಹಿಯ ಮೇಲೆ ಒಂದು ಬೆರಳಗಲವೂ ಜಾಗವಿಲ್ಲ.
ಮಗುಚಿದೆ.
ಹಿಂಬದಿ ಪೂರಾ ಖಾಲಿ.