ನಡಾವಳಿ

ಮೂರನೇ ಮಹಡಿ. ಹಬೆಯ ಕೊಳವೆ ಕೆಮ್ಮುತ್ತದೆ.
ಕಿಟಕಿಯಾಚೆ ಈರಿ ಸರೋವರದ ಗಾಳಿ.
ಬಸ್ ಪ್ರಯಾಣಿಕರ ಸಲಹಾ ಮಂಡಳಿ:
ಕುರ್ಚಿ ಒಂಬತ್ತು, ಬಂದವರು ಐದು,
ಕೋರಂಗೆ ಬೇಕಾದದ್ದೂ ಐದೇ.
ಹಾಜರಿ ಬರೆದುಕೊಂಡೆ.
ನಾನು ಗುಮಾಸ್ತೆ, ಗಂಟೆಗೆ ಇಪ್ಪತ್ತಾರು ಡಾಲರ್,
ಆರರ ನಂತರ ಅದರ ಒಂದೂವರೆ ಪಟ್ಟು.
ಅವರು ಆಡುವುದು ಬಿಟ್ಟಿ,
ನಾನು ಬರೆಯುವುದು ಕೂಲಿಗೆ.

ಹನ್ನೊಂದು ವರ್ಷ ನನಗೂ ಇದು ಹೊಳೆದಿರಲಿಲ್ಲ,
ಕಾರ್ಯಸೂಚಿಯ ನಾಲ್ಕನೇ ಬಾಬತ್ತು ಟೈಪು ಮಾಡುವವರೆಗೆ:
ಸದಸ್ಯರಿಗೆ ಸಭೆಯೊಂದಕ್ಕೆ ಐವತ್ತು ಡಾಲರ್ ಗೌರವಧನ.
ಎಂಥ ನಯದ ಪದ ನೋಡಿ,
ಮುಂದೆ ಗೌರವ, ಕೈ ಬೀಸಿಕೊಂಡು,
ಹಿಂದೆ ತಲೆ ತಗ್ಗಿಸಿ ಧನ,
ಚೀಲ ಹೊತ್ತ ಆಳಿನ ಹಾಗೆ.

ಥೆಲ್ಮಾ ಗ್ರಾಬೌಸ್ಕಿ ಮೊದಲು ಎದ್ದಳು.
ಎಪ್ಪತ್ತೆಂಟು ವಯಸ್ಸು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಗೈರು,
ಅದೂ ಗಂಡನನ್ನು ಮಣ್ಣು ಮಾಡಿದ ದಿನ.
"ಈ ಮೇಯರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ,
ಹಿಂದಿನವನಿಗೂ, ಅವನ ಹಿಂದಿನವಳಿಗೂ.
ಐವತ್ತು ಇಸಕೊಂಡಿದ್ದರೆ ಹೇಳುತ್ತಿದ್ದೆನೆ?"
ಉಂಡ ಮನೆಯ ಜಂತೆ ಎಣಿಸಬಾರದು, ಸರಿ.
ಜಂತೆ ಎಣಿಸುವುದೇ ನಮಗೆ ವಹಿಸಿದ ಕೆಲಸ,
ಅದಕ್ಕೇ ಉಣ್ಣಬಾರದು
ಅನ್ನುವುದು ಅವಳ ಮಾತಿನ ಸಾರ.
ನಾನು ಬರೆದದ್ದು: ಶ್ರೀಮತಿ ಗ್ರಾಬೌಸ್ಕಿ ಆಕ್ಷೇಪಿಸಿದರು.

ಡೆಸ್ಮಂಡ್ ಪ್ರೂಯಿಟ್ ಗಾಲಿಕುರ್ಚಿ ಅರ್ಧ ತಿರುಗಿಸಿ
"ನನಗೆ ಬೇಕು. ಆದರೆ ಬೇಡ" ಅಂದ.
ನಕ್ಕರು. ಅವನು ನಗಲಿಲ್ಲ.
ಐವತ್ತರ ಸುಳಿವು ಸಿಕ್ಕರೆ ಸಾಕು, ಭತ್ಯೆಯ ಕಚೇರಿ
ಕತ್ತರಿ ಆಡಿಸುತ್ತದೆ, ಮೇಲೆ ಎಂಟು ಪುಟದ ವಿವರಣೆ ಕೇಳುತ್ತದೆ.
"ಒಲ್ಲೆ ಅನ್ನುವವರಿಗೆ ಅರ್ಜಿಯಲ್ಲಿ ಒಂದು ಚೌಕ ಇಡಿ."
ಅಷ್ಟನ್ನು ಅಕ್ಷರಶಃ ಬರೆದುಕೊಂಡೆ.

ಅಧ್ಯಕ್ಷ ಲಿಂಡ್‌ಕ್ವಿಸ್ಟ್, ನಿವೃತ್ತ ದಂತವೈದ್ಯರು,
ಬಸ್ಸಿನ ಸಭೆಗೆ ಕಾರಿನಲ್ಲಿ ಬರುವವರು,
ದುಡ್ಡಿನ ಮಾತೆತ್ತಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.
ಕಾಲೇಜಿನ ಹುಡುಗ ಅಬ್ದಿರಿಸಾಕ್ ಏನೂ ಹೇಳಲಿಲ್ಲ.
ನಗರ ಕೊಡುವ ಬಿಸ್ಕತ್ತಿನ ತಟ್ಟೆಯಿಂದ
ನಾಲ್ಕು ತಿಂದ, ಎರಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ.
ಅದು ನಡಾವಳಿಗೆ ಬರುವ ಸಂಗತಿಯಲ್ಲ.

ಆಮೇಲೆ ಮಿಲಾಗ್ರೋಸ್ ಕಿನ್ಯೋನೆಸ್.
ವೃದ್ಧಾಶ್ರಮದಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸ,
ಕೈಯಲ್ಲಿ ಬ್ಲೀಚಿನ ವಾಸನೆ,
ದಿನಕ್ಕೆ ನಾಲ್ಕು ಬಸ್ ಹತ್ತಿ ಇಳಿಯುವವಳು.
ಗಡಿಯಾರ ನೋಡಿ ಎದ್ದಳು.
"ಇವತ್ತಿನ ಪಾಳಿ ಬಿಟ್ಟೆ, ಅರವತ್ತೆಂಟು.
ಮಗು ನೋಡಿಕೊಳ್ಳುವ ಹುಡುಗಿಗೆ ಮೂವತ್ತು.
ಬಸ್ಸಿಗೆ ಹೋಗಿ ಬರಲು ಐದು.
ನನಗೆ ಕೊಡಬೇಕೋ ಬೇಡವೋ ಅಂತ ಕೂತಿದ್ದೀರಿ.
ತಿಂಗಳು ತಿಂಗಳೂ ನಾನು ನಿಮಗೆ ಕೊಡುತ್ತಿದ್ದೇನೆ."
ಥೆಲ್ಮಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.
ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ನನ್ನ ಕಡೆ ತಿರುಗಿ ಮಿಲಾಗ್ರೋಸ್,
"ನನ್ನದು ಹೌದು ಅಂತ ಬರಕೊಳ್ಳಿ" ಅಂದಳು.
ಬರೆಯುವ ಹಾಗಿರಲಿಲ್ಲ.
ಪ್ರಸ್ತಾವ ಇನ್ನೂ ಮತಕ್ಕೆ ಬಂದಿರಲಿಲ್ಲ.

ಎಂಟು ನಲವತ್ತಕ್ಕೆ ಕೊನೆಯ ಬಸ್.
ಅದನ್ನು ಒಂಬತ್ತೂವರೆಗೆ ಮಾಡಿ ಎಂಬುದು
ಇದೇ ಮಂಡಳಿಯ ಮೂರು ವರ್ಷದ ಶಿಫಾರಸು.
ಕಡತದಲ್ಲಿದೆ, ನನ್ನದೇ ಅಕ್ಷರ.

ಬಾಗಿಲು ನಿಧಾನ ತಾನೇ ಮುಚ್ಚಿಕೊಂಡಿತು.
ಹಿಮ ಕರಗಲೆಂದು ನಗರ ಬೀದಿಗೆ ಚೆಲ್ಲಿದ ಉಪ್ಪು
ಅವಳ ಬೂಟಿನಿಂದ ಕಾರ್ಪೆಟ್ಟಿಗೆ ಇಳಿದಿತ್ತು,
ಬಿಳಿ ಅರ್ಧಚಂದ್ರಗಳು, ಕುರ್ಚಿಯಿಂದ ಹೊಸ್ತಿಲವರೆಗೆ.
ಅಧ್ಯಕ್ಷರು ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

ಎಂಟು ಮೂವತ್ತೊಂದು. ಶ್ರೀಮತಿ ಕಿನ್ಯೋನೆಸ್ ನಿರ್ಗಮನ.
ಕೋರಂ ಇಲ್ಲ. ನಾಲ್ಕನೇ ಬಾಬತ್ತು ಮುಂದಿನ ಸಭೆಗೆ.

ಎಲ್ಲರೂ ಇಳಿದು ಹೋದರು. ತಟ್ಟೆ ತೊಳೆದೆ.
ನನ್ನ ಸಮಯಪಟ್ಟಿ ಎಳೆದುಕೊಂಡು ಬರೆದೆ:
ಹೆಚ್ಚುವರಿ ದುಡಿಮೆ, ಎರಡು ಗಂಟೆ ನಲವತ್ತು ನಿಮಿಷ.
ಕೆಳಗೆ ನಿಲ್ದಾಣದಲ್ಲಿ ಬಸ್ಸು ತಡ.
ಥೆಲ್ಮಾ ಸರೋವರದ ಕಡೆ ಬೆನ್ನು ಮಾಡಿ,
ಮಿಲಾಗ್ರೋಸಳಿಗೆ ಗಾಳಿ ತಾಗದ ಹಾಗೆ ನಿಂತು,
ಕೈ ಆಡಿಸುತ್ತ ಇನ್ನೂ ವಾದಿಸುತ್ತಿದ್ದಳು.
ನಾನು ಸಹಿ ಹಾಕಿದೆ.
ಒಂದು ನಿಮಿಷವನ್ನೂ ಬಿಡಲಿಲ್ಲ.