ಮೋಟಾರಿಲ್ಲದ ಹೊಳೆ

ಆರನೇ ಕ್ಲಾಸಿಗೆ ನಕ್ಷೆ ಬಂದದ್ದು ಜುಲೈ ತಿಂಗಳಲ್ಲಿ,
ಕಡೂರಿನ ಆಫೀಸಿನಿಂದ, ಸೈಕಲ್ ಕ್ಯಾರಿಯರಿನ ಮೇಲೆ,
ಗೋಣಿದಾರ ಬಿಗಿಸಿಕೊಂಡು.
ಬಿಚ್ಚಿದರೆ, ಬೀದರ್ ಜಿಲ್ಲೆ ಪೂರಾ ಇಲಿಯ ಹೊಟ್ಟೆಯಲ್ಲಿ.
ಇರಲಿ, ನಮ್ಮ ಜಿಲ್ಲೆ ನೆಟ್ಟಗಿತ್ತು.

ಮೊಳೆಗೆ ತೂಗುಹಾಕಿದೆ.
ಮೇಲೆ ಉತ್ತರ, ಕೆಳಗೆ ದಕ್ಷಿಣ,
ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ:
ಮೂವತ್ತೊಂದು ಗಂಟಲು ಮಗ್ಗಿಯ ಹಾಗೆ ಒಪ್ಪಿಸಿದವು.
ನಾನೂ ಹೀಗೇ ಕಲಿತವಳು. ಹೀಗೇ ಕಲಿಸಿ
ಹದಿನಾಲ್ಕು ವರ್ಷ ಸಂಬಳ ಎಣಿಸಿದವಳು.

ಕೋಲಿನ ತುದಿಯಲ್ಲಿ ವೇದಾವತಿ ಹರಿಸಿದೆ:
ಗಿರಿಯ ಬುಡದಲ್ಲಿ ಹುಟ್ಟಿ,
ನಮ್ಮ ಸೇತುವೆಯ ಕೆಳಗೆ ನುಸುಳಿ, ಹಿರಿಯೂರು ಮುಟ್ಟಿ,
ಹಾಗೇ ಮೇಲೆ, ಇನ್ನೂ ಮೇಲೆ, ಬಳ್ಳಾರಿಯ ಕಡೆಗೆ...

ಕೊನೇ ಸಾಲಿನ ತಿಪ್ಪೇಶಿ ಎದ್ದು ನಿಂತ.
ಅವನಪ್ಪ ಬೋರ್‌ವೆಲ್ ರಿಪೇರಿಯವನು;
ನೀರು ಮೇಲೆತ್ತುವ ಪಾಡು ಮನೆಯಲ್ಲೇ ಕಂಡ ಹುಡುಗ.
"ಮಿಸ್, ಮೋಟಾರಿಲ್ಲದೆ ಹೊಳೆ ಮೇಲಕ್ಕೆ ಹೆಂಗೆ ಹತ್ತುತ್ತೆ?"

ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಗು ಅರ್ಧಕ್ಕೇ ನಿಂತಿತು.
ಎಷ್ಟು ಹೊಳೆಗಳನ್ನು ಗೋಡೆ ಹತ್ತಿಸಿದ್ದೆ,
ಒಬ್ಬರೂ ತಡೆದಿರಲಿಲ್ಲ.
ಉತ್ತರವೇನೋ ಇತ್ತು,
ಗೋಡೆಯ ನೆತ್ತಿಯಲ್ಲಿ, ಇಲಿ ಕಡಿದ ಜಾಗದಲ್ಲಿ.

ಇಳಿಸಿದೆ. ಹೊತ್ತು ತಂದೆವು.
ಧ್ವಜದ ಕಟ್ಟೆಯ ಪಕ್ಕ, ಬರಿ ಮಣ್ಣಿನ ಮೇಲೆ ಹಾಸಿ,
ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟು ಕೇಳಿದೆ:
"ಈಗ ಹೇಳಿ, ಉತ್ತರ ಎಲ್ಲಿ?"
ಮೂವತ್ತೊಂದು ಬೆರಳು
ಆಕಾಶಕ್ಕೆ.

ಮೋಡ ಕವಿದಿತ್ತು, ಸೂರ್ಯನ ಸಾಕ್ಷಿಯಿಲ್ಲ.
ಆದರೂ ಬೆಳಿಗ್ಗೆ ಅವನು ಎದ್ದದ್ದು ಸಂತೆ ಮೈದಾನದ ಕಡೆ,
ಸಂಜೆ ಬೀಳುವುದು ಗಿರಿಯ ಬೆನ್ನಿಗೆ,
ಇದಕ್ಕೆ ಯಾರೂ ಪುಸ್ತಕ ತೆರೆಯಲಿಲ್ಲ.
ನುಸ್ರತ್ ಬಲಗೈ ಸಂತೆಗೆ ಚಾಚಿ, ಎಡಗೈ ಗಿರಿಗೆ ಚಾಚಿ
ಹೊಲದ ಬೆದರುಬೊಂಬೆಯಾದಳು.
ಅವಳ ಮೂಗಿನ ನೇರಕ್ಕೆ, ಚೂರು ಎಡಕ್ಕೆ,
ಬೀರೂರಿನ ರೈಲು ಕೂಗಿತು.

ಆ ಮೂಗಿಗೆ ಸರಿಯಾಗಿ ನಕ್ಷೆ ತಿರುಗಿಸಿದೆವು.
ಇಲ್ಲದ ಬೀದರ್ ಕೂಡ ಬೀದರಿನ ದಿಕ್ಕಿಗೇ ಹೋಯಿತು.
ಗಿರಿಯ ಕಂದು ಗಿರಿಯ ಕಡೆಗೆ.
ಹೊಳೆ ಚಪ್ಪಟೆ ಮಲಗಿ ಹೊಳೆಯ ಕಡೆಗೆ.
ತಿಪ್ಪೇಶಿ ಕೆನ್ನೆಯನ್ನು ಮಣ್ಣಿಗೆ ತಾಗಿಸಿ
ಮಟ್ಟ ನೋಡುವ ಗಾರೆಯವನಂತೆ ಒಂದು ಕಣ್ಣು ಮುಚ್ಚಿದ:
"ಮೇಲೂ ಇಲ್ಲ, ಕೆಳಗೂ ಇಲ್ಲ ಮಿಸ್.
ಆಚೆ ಐತೆ, ಅಷ್ಟೆ."

ಆಮೇಲೆ ಪಾಠ ನನ್ನ ಕೈಯಲ್ಲಿರಲಿಲ್ಲ.

ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರು ಎಂದೆ.
ತಾಂಡದಿಂದ ಮೂರು ಕಿಲೋಮೀಟರು ನಡೆದು ಬರುವ ಸೋನಿಬಾಯಿ
ತನ್ನ ದಾರಿ ಎಷ್ಟೆಂದು ಕೇಳಿದಳು.
ಬೆಂಕಿಕಡ್ಡಿಯ ತಲೆಯಷ್ಟು.
ಕಡ್ಡಿಯನ್ನಿಟ್ಟು ನೋಡಿದಳು, ತನ್ನ ಕಾಲು ನೋಡಿಕೊಂಡಳು.
"ಇಷ್ಟೇ ಇದ್ರೆ ನಾಳೆಯಿಂದ ಲೇಟಾಗಲ್ಲ ಮಿಸ್."
ಹಾಜರಿ ಪುಸ್ತಕದ ಕೆಂಪು ಗೀಟುಗಳು
ನನ್ನ ಕಂಕುಳಲ್ಲಿ ಬಿಸಿಯಾದವು.

"ನೀಲಿ ಯಾಕೆ?" ನುಸ್ರತ್ ಕೈಯಿನ್ನೂ ಇಳಿಸಿರಲಿಲ್ಲ.
"ನಮ್ಮಣ್ಣ ಹೊಳೆಯೊಳಗೆ ಕ್ರಿಕೆಟ್ ಆಡ್ತಾನೆ."
ಸೂಚಿಯಲ್ಲಿ ಹುಡುಕಿದೆವು.
ತುಂಡು ತುಂಡು ನೀಲಿಗೆರೆ:
ವರ್ಷದಲ್ಲಿ ಕೆಲವೇ ತಿಂಗಳು ಹರಿಯುವ ಹೊಳೆ.
ನಮ್ಮದಕ್ಕೆ ಎಳೆದಿದ್ದು ಇಡೀ ಗೆರೆ.
ಯಾರದೋ ಕಂಪಾಸು ಪೆಟ್ಟಿಗೆಯಿಂದ ಬ್ಲೇಡು ಬಂತು;
ಕೆರೆದರು, ಬಿಟ್ಟರು, ಕೆರೆದರು, ಬಿಟ್ಟರು.
ಸರ್ಕಾರಿ ಆಸ್ತಿ ಎನ್ನಬೇಕಿತ್ತು.
ಬಾಯಿ ಬರಲಿಲ್ಲ.

ಹೆಡ್‌ಮಾಸ್ಟರು ಗುರುಸಿದ್ದಪ್ಪ ಜಗಲಿಯಿಂದಲೇ ಕೂಗಿದರು:
"ರಾಜ್ಯ ನೆಲದ ಮೇಲೆ ಬಿದ್ದಿದೆಯಲ್ಲಮ್ಮ!"
"ರಾಜ್ಯ ಇರೋದೇ ನೆಲದ ಮೇಲೆ ಸಾರ್,"
ಎಂದದ್ದು ಯಾರೆಂದು ನಾನು ತಿರುಗಿ ನೋಡಲಿಲ್ಲ.

ಐದರ ಬಸ್ಸು ತರೀಕೆರೆಗೆ.
ಸಂತೆಯ ಈರುಳ್ಳಿ ಮೂಟೆಗಳ ನಡುವೆ ಸೀಟು.
ಬೀರೂರು ದಾಟಿದ ಮೇಲೆ ಮೋಡ ಒಂದಿಷ್ಟು ಹರಿದು
ಎಡಗೆನ್ನೆಗೆ ಬಿಸಿಲು ಬಿತ್ತು.
ಕಂಡಕ್ಟರು ಕೇಳಿದ್ದು ಚಿಲ್ಲರೆ.
ಉತ್ತರಕ್ಕೆ, ಎಂದುಬಿಟ್ಟೆ.