ಪೆನ್ಸಿಲ್ ಚುಕ್ಕೆ

ಮಾಕುಟ್ಟದ ಘಾಟಿ ಹತ್ತಿ ಮೀನು ಹೊತ್ತು ಬಂದ
ಥರ್ಮಾಕೋಲ್ ಪೆಟ್ಟಿಗೆ. ಮೂರು ಸಲ ಸೋಪು ಹಾಕಿ ತೊಳೆದೆ,
ಆದರೂ ಮುಚ್ಚಳ ತೆಗೆದರೆ ಕಣ್ಣೂರಿನ ಕಡಲು.
ಒಳಗೆ ಹನ್ನೊಂದು ಮೊಟ್ಟೆ. ಹನ್ನೆರಡನೆಯದಕ್ಕೆ ಬೂಷ್ಟು ಹಿಡಿಯಿತು.
ಪ್ರತಿಯೊಂದರ ನೆತ್ತಿಗೂ ಪೆನ್ಸಿಲ್ ಚುಕ್ಕೆ:
ಇಟ್ಟ ಹಾಗೇ ಇರಬೇಕು,
ಹೊರಳಿದರೆ ಒಳಗಿನ ಜೀವ ಮುಳುಗುತ್ತದೆ.

ಕೆಳಗೆ ವಿರಾಜಪೇಟೆಯ ಬಸ್ಸಿನ ಹಾರನ್ನು, ನನ್ನ ಬೀಗದ ಕೈ ಅಂಗಡಿ.
ಮೇಲೆ ಅಟ್ಟದಲ್ಲಿ ಈ ಸಂಸಾರ.
ಚಿರತೆಹಲ್ಲಿ ಅನ್ನುತ್ತಾರೆ. ಗೋಡೆಯ ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ,
ನಿದ್ದೆಗೆ ಕಣ್ಣು ಮುಚ್ಚುತ್ತದೆ ನಮ್ಮ ಹಾಗೆ.
ಲೊಚಗುಟ್ಟುವುದಿಲ್ಲ.
ನಾನು ಹೇಳಿದ್ದಕ್ಕೆಲ್ಲ ಸತ್ಯ, ಸತ್ಯ ಎಂದು ಸಾಕ್ಷಿ ನುಡಿಯುವುದಿಲ್ಲ.

ಹಳದಿಗೊಂದು ರೇಟು, ಕಿತ್ತಳೆಗೆ ಎರಡರಷ್ಟು.
ಕಣ್ಣು ಪೂರಾ ಕಪ್ಪಾಗಿದ್ದರೆ, ಗೆರೆಯಿಲ್ಲದೆ,
ಅಮಾವಾಸ್ಯೆಯ ಬಾವಿಯ ಹಾಗೆ,
ಮೈಸೂರಿನಿಂದ ಹುಡುಗರು ಬೈಕಿನಲ್ಲಿ ಬರುತ್ತಾರೆ.
ಆ ಕಣ್ಣು ಸುಮ್ಮನೆ ಬರುವುದಿಲ್ಲ.
ಅಪ್ಪನಲ್ಲೂ ಇರಬೇಕು, ಅಮ್ಮನಲ್ಲೂ,
ಇಬ್ಬರ ಮುಖದಲ್ಲೂ ಕಾಣದೆ ಇರಬಹುದು.
ಅಂಥವರ ಹೆಸರಿನ ಮುಂದೆ ನನ್ನ ಪುಸ್ತಕದಲ್ಲಿ ಒಂದೇ ಮಾತು:
ಹೊತ್ತವನು. ಹೊತ್ತವಳು.

ಬಣ್ಣದ ಮಾತು ಬಂದರೆ ಚೋಂದುವನ್ನು ಕರೆಯುತ್ತೇನೆ.
ಮೂರು ತಿಂಗಳ ಮರಿಯನ್ನು ಬಲ್ಬಿನ ಕೆಳಗೆ ಹಿಡಿಯುತ್ತಾಳೆ ಮಗಳು:
"ಇದು ಹಣ್ಣು ಕಿತ್ತಳೆ, ಅಪ್ಪ. ಇದು ಇನ್ನೂ ಕಾಯಿ."
ಬರೆದುಕೊಳ್ಳುತ್ತೇನೆ. ನನಗೆ ಎರಡೂ
ಬೇಯಿಸಿದ ಹಲಸಿನ ಬೀಜದ ಬಣ್ಣ.

ಹತ್ತು ವರ್ಷದವನು ಕಾಫಿ ಕೊಯ್ಲಿನಲ್ಲಿ
ಅರ್ಧ ಬುಟ್ಟಿ ಹಸಿರು ಕಾಯಿ ತಂದು ದೊಡ್ಡಪ್ಪನ ಮುಂದೆ ಸುರಿದಿದ್ದೆ.
"ಕಣ್ಣನ್ನೇನು ಹಿತ್ತಲಲ್ಲಿ ಬಿಟ್ಟು ಬಂದೆಯಾ?"
ಕಪಾಳಕ್ಕೊಂದು.
ಅವ್ವ ಬುಟ್ಟಿ ಎತ್ತಿಕೊಂಡಳು, ಏನೂ ಅನ್ನಲಿಲ್ಲ.
ಅವಳಪ್ಪ ಪಳಂಗಪ್ಪ ಕಿತ್ತಳೆಯನ್ನು ಮೂಗಿಗೆ ಹಿಡಿದು,
ಹೆಬ್ಬೆರಳಲ್ಲಿ ಒತ್ತಿ, ಹಣ್ಣೋ ಕಾಯೋ ಹೇಳುತ್ತಿದ್ದ.
ಊರು ಅದನ್ನು ಜಾಣತನ ಅಂದುಕೊಂಡಿತ್ತು.
ಅವ್ವನಿಗೆ ಮಾತ್ರ, ಮೆಣಸಿನ ಬಳ್ಳಿಯ ತುದಿಯಲ್ಲಿ
ಕೆಂಪಾದ ಒಂದೇ ಒಂದು ಕಾಳು
ನೆಲದಲ್ಲಿ ನಿಂತರೂ ಕಾಣುತ್ತಿತ್ತು.
ಹೊತ್ತವಳು.

ಚೋಂದುವಿಗೀಗ ಏಳು ತಿಂಗಳು.
ನನ್ನ ಮಗಳು. ಇಲ್ಲಿ ಬಹುಶಃ ಎಂಬುದಿಲ್ಲ, ನೂರಕ್ಕೆ ನೂರು.
ಹುಟ್ಟುವುದು ಗಂಡಾದರೆ ಅರ್ಧಕ್ಕರ್ಧ.
ಹಲ್ಲಿಯದಾದರೆ ಶಾಖ ನಾಲ್ಕು ಗೆರೆ ಇಳಿಸಿ
ಹೆಣ್ಣೇ ಮಾಡಿಕೊಳ್ಳುತ್ತಿದ್ದೆ.
"ಏನಪ್ಪ ಲೆಕ್ಕ?" ಅಂದಳು.
"ಮೊಟ್ಟೆಯದು" ಅಂದೆ.
ಟ್ಯೂಬ್‌ಲೈಟಿನ ಹಿಂದೆ, ಯಾರೂ ಸಾಕದ ಹಲ್ಲಿ
ಲೊಚ್ ಅಂದಿತು.

ಅಷ್ಟರಲ್ಲಿ ಕರೆಂಟು ಹೋಯಿತು.
ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ತಂದಳು,
ಪೆಟ್ಟಿಗೆಯ ಮೂಲೆಗೆ ಒತ್ತರಿಸಿದಳು,
ಒಂದು ಮೊಟ್ಟೆಯ ಬದಿಗೆ ಟಾರ್ಚು ಹಿಡಿದಳು, ಚುಕ್ಕೆ ಅಲುಗದ ಹಾಗೆ.
"ನರ ಕಾಣ್ತಿದೆ ನೋಡಿ! ಕೆಂಪು."
ನನಗೆ ಕಂಡದ್ದು ಗೆರೆ,
ಸಣ್ಣಗೆ ಕವಲೊಡೆದದ್ದು.
ಕೆಂಪು, ಎಂದು ಬರೆದುಕೊಂಡೆ.